ಫುಟ್‌ಬ್ಯಾಗ್: ಚೀಲ ಕಾಲ ಮೇಲೆ ಯಾಕೆ ನಿಲ್ಲಲ್ಲ?

(ದೃಶ್ಯ: ತೀರ್ಥಹಳ್ಳಿ ಕಡೆಯ ಒಂದು ಮನೆ. ಹೊರಗೆ ಜೋರು ಮಳೆ. ಅಡಿಕೆ ಅಂಗಳದ ಪಕ್ಕ ಶೀಟಿನ ಮಾಡು. ಕ್ಯಾಮೆರಾ ಮಂಡಿಯ ಎತ್ತರದಲ್ಲಿ.)

ನಮಸ್ಕಾರ. ಮಳೆ ಹಿಡಿದು ನಾಲ್ಕು ದಿನ ಆಯ್ತು. ಅಂಗಳ ಪಾಚಿ ಕಟ್ಟಿದೆ, ಒಂಟಿ ಕಾಲಲ್ಲಿ ಆಡೋ ಆಟವನ್ನ ಅಲ್ಲಿ ಆಡಬಾರದು. ಹಾಗಾಗಿ ಇವತ್ತು ಈ ಮಾಡಿನ ಕೆಳಗೆ. ಎರಡು ಮಾರು ಜಾಗ, ಒಣ ನೆಲ, ಅಷ್ಟಿದ್ರೆ ಸಾಕು. ಮಲೆನಾಡಿನ ಮಳೆಗಾಲಕ್ಕೆ ಇದಕ್ಕಿಂತ ಹೊಂದೋ ಆಟ ನಾನು ಕಂಡಿಲ್ಲ.

(ಅಂಗೈ ಮೇಲೆ ಚೀಲ, ಹತ್ತಿರದಿಂದ.)

ಇದೇ ಫುಟ್‌ಬ್ಯಾಗ್, ನೆಲಕ್ಕೆ ಬೀಳದ ಹಾಗೆ ಕಾಲಲ್ಲಿ ಆಡಿಸೋ ಸಣ್ಣ ಚೀಲ. ಹ್ಯಾಕಿ ಸ್ಯಾಕ್ ಅಂದ್ರೆ ಕೆಲವರಿಗೆ ಬೇಗ ಗೊತ್ತಾಗತ್ತೆ. 1972ರಲ್ಲಿ ಅಮೆರಿಕದ ಆರೆಗನ್‌ನಲ್ಲಿ ಮೈಕ್ ಮಾರ್ಷಲ್ ತಾವೇ ಮಾಡಿಕೊಂಡ ಚೀಲ ಒದೀತಿದ್ರು. ಮಂಡಿ ಪೆಟ್ಟಿನಿಂದ ಚೇತರಿಸಿಕೊಳ್ತಿದ್ದ ಜಾನ್ ಸ್ಟಾಲ್‌ಬರ್ಗರ್ ಅವರ ಜೊತೆ ಸೇರಿಕೊಂಡ್ರು. ಮೂರೇ ವರ್ಷಕ್ಕೆ, 1975ರಲ್ಲಿ, ಮಾರ್ಷಲ್ ಹೃದಯಾಘಾತದಿಂದ ತೀರಿಕೊಂಡ್ರು. ಇನ್ನೂ 28 ವರ್ಷ. ಸ್ಟಾಲ್‌ಬರ್ಗರ್ ಆಟ ಬಿಡಲಿಲ್ಲ, ಅದನ್ನ ಊರೂರಿಗೆ ದಾಟಿಸಿದ್ರು.

ಚೀಲ ಮನೆಯಲ್ಲೇ ಆಗತ್ತೆ. ಹಳೇ ಸಾಕ್ಸಿನ ತುದಿ ಕತ್ತರಿಸಿ, ಜರಡಿ ಹಿಡಿದು ಒಣಗಿಸಿದ ಹೊಳೆ ಮರಳು ತುಂಬಿ, ಎರಡು ಸುತ್ತು ಹೊಲೀರಿ. ದೊಡ್ಡ ನಿಂಬೆಹಣ್ಣಿನ ಗಾತ್ರ ಸಾಕು. ನಾನು ಮೊದಲು ರಾಗಿ ತುಂಬಿದ್ದೆ, ಈ ಥಂಡಿಗೆ ಮುಗ್ಗಲು ಹಿಡೀತು. ಬಿಗಿಯಾಗಿ ಮಾತ್ರ ತುಂಬಬೇಡಿ. ಹಿಚುಕಿದ್ರೆ ಬೆರಳು ಒಳಗೆ ಹೋಗಬೇಕು. ಬಿಗಿ ಚೀಲ ಚೆಂಡಿನ ಹಾಗೆ ಪುಟೀತದೆ, ಸಡಿಲ ಚೀಲ ಕಾಲ ಮೇಲೆ ಕೂರತ್ತೆ.

(ದೃಶ್ಯ: ಬೂಟಿನ ತುದಿಗೆ ತಾಗಿದ ಚೀಲ ದೂರ ಹಾರುತ್ತದೆ.)

ಮೊದಲು ಕಿಕ್. ಎಲ್ಲರೂ ಫುಟ್‌ಬಾಲ್ ಒದ್ದ ಹಾಗೆ ಕಾಲು ಮುಂದಕ್ಕೆ ಬೀಸ್ತಾರೆ, ಚೀಲವೂ ಮುಂದಕ್ಕೆ ಹೋಗತ್ತೆ, ಅದರ ಹಿಂದೆ ಇವರು ಓಡ್ತಾರೆ. ಇಲ್ಲಿ ಬೀಸೋದಿಲ್ಲ, ಎತ್ತೋದು. ಊಟಕ್ಕೆ ಚಕ್ಕಳಮಕ್ಕಳ ಹಾಕಿ ಕೂತಾಗ ಪಾದದ ಒಳಮಗ್ಗುಲು ಮೇಲೆ ನೋಡತ್ತಲ್ಲ? ನಿಂತಲ್ಲೇ ಒಂದು ಕಾಲಿಗೆ ಅದೇ ರೂಪ ಕೊಡಿ. ಆ ಒಳಮಗ್ಗುಲು ಮಣೆ ಹಾಗೆ ಸಮವಾಗಿದ್ರೆ ಚೀಲ ನೆಟ್ಟಗೆ ಮೇಲೆ ಹೋಗತ್ತೆ. ಓರೆಯಾದ್ರೆ ಚೀಲವೂ ಓರೆ.

ಈಗ ನನ್ನ ಇನ್ನೊಂದು ಕಾಲು ನೋಡಿ, ನೆಲದ ಮೇಲಿರೋದು. ಮಂಡಿ ಬಗ್ಗಿದೆ. ಇದನ್ನ ತಿಳಿಯೋಕೆ ನನಗೆ ತಿಂಗಳುಗಟ್ಟಲೆ ಹಿಡೀತು. ಆ ಮಂಡಿ ಸೆಟೆದು ನಿಂತ್ರೆ ಮೈ ಹಿಂದಕ್ಕೆ ವಾಲತ್ತೆ, ಪಾದದ ಮಣೆ ಕೆಡತ್ತೆ. ತಪ್ಪು ಒದೆಯೋ ಕಾಲಲ್ಲಿ ಕಾಣತ್ತೆ, ಹುಟ್ಟೋದು ನಿಂತ ಕಾಲಲ್ಲಿ.

ಎತ್ತರ ಎಷ್ಟಿರಬೇಕು? ಚೀಲ ಪಾದದಿಂದ ಅರ್ಧ ಮೀಟರ್ ಮೇಲೆ ಹೋಗಿ ವಾಪಸ್ ಬರೋಕೆ ಹೆಚ್ಚುಕಮ್ಮಿ 0.64 ಸೆಕೆಂಡ್. ಒಂದು ಮೀಟರ್ ಎತ್ತಿದ್ರೆ 0.9. ಎತ್ತರ ದುಪ್ಪಟ್ಟು ಆದ್ರೂ ಸಮಯ ದುಪ್ಪಟ್ಟಾಗಲ್ಲ, ಆದರೆ ಬೀಳೋ ವೇಗ ಹೆಚ್ಚತ್ತೆ, ಚೀಲ ಅತ್ತಿತ್ತ ಸರಿಯೋದೂ ಹೆಚ್ಚತ್ತೆ. ಎದೆ ಮಟ್ಟ ಸಾಕು. ಸೊಂಟದ ಎತ್ತರದಿಂದ ಚೀಲ ಬಿಡಿ, ಒಂದೇ ಕಿಕ್, ಕೈಯಲ್ಲಿ ಹಿಡೀರಿ. ಒಂದು ಕಾಲಿಗೆ ಹತ್ತು, ಇನ್ನೊಂದಕ್ಕೆ ಹತ್ತು. ಹೊರಮಗ್ಗುಲಿನ ಕಿಕ್, ತೊಡೆ, ಕಾಲ್ಬೆರಳ ತುದಿ ಎಲ್ಲ ಇದು ರೂಢಿ ಆದ ಮೇಲೆ.

(ದೃಶ್ಯ: ಚಿಕ್ಕಪ್ಪನ ಮಗಳು ಮಾಡಿನ ಕೆಳಗೆ ಬರುತ್ತಾಳೆ. ಅವಳ ಬೂಟಿಗೆ ಬಡಿದ ಚೀಲ ಪುಟಿದು ಬೀಳುತ್ತದೆ.)

“ಎಂತ ಅಣ್ಣ, ನಿಲ್ಲೋದೇ ಇಲ್ಲ ಇದು.”

“ಪುಟ್ಟೀ, ಇನ್ನೊಂದು ಸಲ ಮಾಡು. ಕಾಲು ಅಲ್ಲಾಡಿಸದೆ ಹಿಡಿದಿದ್ದೆ ಅಲ್ವಾ?”

“ಹೌದು. ಅಲ್ಲಾಡಿಸಿದ್ರೆ ಬೀಳಲ್ವಾ?”

ಸ್ಟಾಲ್‌ನಲ್ಲಿ ಎಲ್ಲರೂ ಎಡವೋದು ಇಲ್ಲೇ. ಸ್ಟಾಲ್ ಅಂದ್ರೆ ಚೀಲವನ್ನ ಕಾಲ ಮೇಲೆ ತಡೆದು ನಿಲ್ಲಿಸೋದು. ನಿಲ್ಲಿಸಬೇಕು ಅಂತ ಕಾಲನ್ನೂ ನಿಲ್ಲಿಸ್ತೀವಿ, ಹಲಗೆ ಮೇಲೆ ಬಿದ್ದ ಹಾಗೆ ಚೀಲ ಪುಟೀತದೆ.

ಅಡಿಕೆ ಕೊಯ್ಲು ನೋಡಿದೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಕೊನೆ ಅಂದ್ರೆ ಅಡಿಕೆ ಗೊನೆ; ಮರ ಹತ್ತಿದ ಕೊನೆಗಾರ ತುದಿಯಿಂದ ಬಿಟ್ಟ ಕೊನೆ ಹಗ್ಗದ ಮೇಲೆ ಜಾರಿ ಬರತ್ತೆ. ಕೆಳಗೆ ಹಗ್ಗ ಹಿಡಿದೋರು ಬಂಡೆ ಹಾಗೆ ನಿಲ್ಲಲ್ಲ. ಕೊನೆ ಹತ್ತಿರ ಬರ್ತಿದ್ದ ಹಾಗೆ ಹಗ್ಗ ಒಂಚೂರು ಸಡಿಲ ಬಿಟ್ಟು, ಅದರ ಓಟ ತಗ್ಗಿಸಿ ತಗೋತಾರೆ. ಬಿಗಿ ಹಿಡಿದ್ರೆ ಕಾಯಿ ಉದುರಿ ತೋಟದ ತುಂಬ ಚೆಲ್ಲತ್ತೆ.

(ದೃಶ್ಯ: ನಿಧಾನಗತಿ. ಬೂಟಿನ ತುದಿ, ಇಳಿಯುತ್ತಿರುವ ಚೀಲ.)

ಇದನ್ನ ಕಣ್ಣಿಟ್ಟು ನೋಡಿ. ಚೀಲ ಇನ್ನೂ ಗಾಳಿಯಲ್ಲಿದೆ, ಪಾದ ಮಂಡಿ ಮಟ್ಟಕ್ಕೆ ಹೋಗಿ ಕಾಯ್ತಾ ಇದೆ. ಬೆರಳು ಮೇಲಕ್ಕೆ ಮಡಚಿರೋದ್ರಿಂದ ಬೂಟಿನ ಮೇಲೆ ಒಂದು ಸಣ್ಣ ಗುಳಿ ಆಗಿದೆ. ಚೀಲ ತಾಗೋಕೆ ಒಂದು ಕ್ಷಣ ಮೊದಲೇ ಪಾದ ಇಳಿಯೋಕೆ ಶುರು. ಎರಡೂ ಜೊತೆಗೆ ಇಳೀತಿವೆ, ಪಾದದ್ದು ಸ್ವಲ್ಪ ನಿಧಾನ. ನೋಡಿ, ಇಲ್ಲಿ ಮುಟ್ತು. ಸದ್ದೇ ಇಲ್ಲ. ಮರಳು ಗುಳಿಗೆ ಹರಡಿತು, ಚೀಲ ಚಪ್ಪಟೆ ಆಯ್ತು, ನೆಲದಿಂದ ಒಂದು ಗೇಣು ಮೇಲೆ ನಿಂತಿತು.

ಸದ್ದನ್ನ ನಂಬಿ. ‘ಟಪ್’ ಅಂದ್ರೆ ಚೀಲ ತಾಗೋವಾಗ ಪಾದ ಇಳಿಯದೆ ನಿಂತೇ ಇತ್ತು ಅಂತ ಅರ್ಥ. ಒಳಮಗ್ಗುಲಿನ ಸ್ಟಾಲ್‌ಗೂ ಇದೇ ಲೆಕ್ಕ, ಪಾದ ಮಾತ್ರ ಚಕ್ಕಳಮಕ್ಕಳದ ರೂಪದಲ್ಲಿ ಇಳೀತದೆ.

ನಿಂತ ಚೀಲವನ್ನ ಮತ್ತೆ ಮೇಲೆ ಕಳಿಸೋವಾಗ ಕಣಕಾಲಿಂದ ಎಗರಿಸಬೇಡಿ. ಮಂಡಿಯಿಂದ ಇಡೀ ಕಾಲು ಎತ್ತಿ, ನೆಟ್ಟಗೆ. ನೆಟ್ಟಗೆ ಹೋದ್ರೆ ಅದೇ ಜಾಗಕ್ಕೆ ಬರತ್ತೆ.

(ದೃಶ್ಯ: ತಂಗಿ ಮತ್ತೆ ಚೀಲ ಬಿಡುತ್ತಾಳೆ. ಟಪ್. ಮತ್ತೆ ಬಿಡುತ್ತಾಳೆ. ಟಪ್. ಮೂರನೇ ಸಲ ಶೀಟಿನ ಮೇಲಿನ ಮಳೆ ಸದ್ದು ಮಾತ್ರ.)

“ಅಣ್ಣಾ, ಕೂತ್ಕೊಂಡ್ತು!”

“ಹಾಗೇ ಇರು. ಈಗ ಎಡಗಾಲು.”