ಆಟಕ್ಕೊಂದು ಟಿವಿ: ಎಷ್ಟು ಪಿಕ್ಸೆಲ್ ಸಾಕು?

ಆತ್ಮೀಯ ಕೇಳುಗರೇ, ನಮಸ್ಕಾರ.

ಚೌತಿ ಹತ್ತಿರವಾದಂತೆ ಕಾರವಾರದ ಗ್ರೀನ್ ಸ್ಟ್ರೀಟಿನಿಂದ ಶಿರಸಿಯ ಪೇಟೆಯವರೆಗೆ ಟಿವಿ ಅಂಗಡಿಗಳ ಮುಂದೆ ರಿಯಾಯಿತಿಯ ಫಲಕಗಳು ಕಾಣಿಸಿಕೊಳ್ಳುತ್ತವೆ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದ ಮೇಲಂತೂ, ಸಣ್ಣದೊಂದು ಟಿವಿ ಸಾಕು ಎಂದು ಹೊರಟವರ ಕಣ್ಣೂ ದೊಡ್ಡದರ ಮೇಲೆ ಬೀಳುತ್ತಿದೆ. ಮನೆಯಲ್ಲಿ ಪ್ಲೇಸ್ಟೇಷನ್ನೋ ಎಕ್ಸ್‌ಬಾಕ್ಸೋ ಎಂಬ ಆಟದ ಯಂತ್ರವಿದ್ದರೆ, 4ಕೆ ಇಲ್ಲದ ಟಿವಿ ತರುವುದೇ ಬೇಡ ಎಂದು ಮಕ್ಕಳು ಹಟ ಹಿಡಿಯುವುದೂ ಉಂಟು. ಆಟಕ್ಕಾಗಿ ಟಿವಿ ಕೊಳ್ಳುವವರು ರೆಸಲ್ಯೂಷನ್ನಿನ, ಅಂದರೆ ಪರದೆಯಲ್ಲಿರುವ ಚುಕ್ಕಿಗಳ ಎಣಿಕೆಯ, ಅಂಕಿಯನ್ನು ಮೊದಲು ನೋಡಬಾರದು, ಕೊನೆಗೆ ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಈ ಭಾಷಣದಲ್ಲಿ ವಿವರಿಸುತ್ತೇನೆ.

ಪರದೆಯ ಚಿತ್ರ ಪಿಕ್ಸೆಲ್ ಎಂಬ ಸಣ್ಣ ಚುಕ್ಕಿಗಳಿಂದ ಆದದ್ದು. ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920, ಮೇಲಿನಿಂದ ಕೆಳಕ್ಕೆ 1080, ಒಟ್ಟು ಸುಮಾರು 20 ಲಕ್ಷದ 73 ಸಾವಿರ ಚುಕ್ಕಿಗಳಿರುತ್ತವೆ. 4ಕೆ ಪರದೆಯಲ್ಲಿ 3840ಕ್ಕೆ 2160, ಅಂದರೆ ಸರಿಯಾಗಿ ಅದರ ನಾಲ್ಕು ಪಟ್ಟು, ಸುಮಾರು 83 ಲಕ್ಷ. 8ಕೆ ಎಂಬುದೂ ಇದೆ. ಅದರ ಮೂರು ಕೋಟಿಗೂ ಮಿಕ್ಕ ಚುಕ್ಕಿಗಳನ್ನು ತುಂಬಬಲ್ಲ ಆಟಗಳು ತೀರ ವಿರಳವಾದ್ದರಿಂದ ಆ ಮಾತನ್ನು ಇಲ್ಲಿಗೇ ಬಿಡೋಣ.

ಟಿವಿಗೆ ಚಿತ್ರ ಕಳಿಸುವುದು ಆಟದ ಯಂತ್ರ. 2013ರ ಪ್ಲೇಸ್ಟೇಷನ್ 4 ಹೆಚ್ಚೆಂದರೆ ಫುಲ್ ಎಚ್‌ಡಿಯಲ್ಲಿ ಆಟ ಆಡಿಸುತ್ತದೆ. 2017ರ ನಿಂಟೆಂಡೊ ಸ್ವಿಚ್ ಕೂಡ ಟಿವಿಗೆ ಕೊಡುವುದು ಅಷ್ಟನ್ನೇ. ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಫುಲ್ ಎಚ್‌ಡಿಗೂ 4ಕೆಗೂ ನಡುವಿನ 1440 ಸಾಲುಗಳ ಚಿತ್ರವನ್ನು ಗುರಿಯಾಗಿಟ್ಟುಕೊಂಡದ್ದು. ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ 4ಕೆ ಯಂತ್ರಗಳೆಂದೇ ಹೆಸರಾಗಿದ್ದರೂ, ಅವುಗಳ ಹಲವು ಆಟಗಳು ಒಳಗೆ ಕಡಿಮೆ ಚುಕ್ಕಿಗಳಲ್ಲಿ ಚಿತ್ರ ರಚಿಸಿ, ಆಮೇಲೆ ಅದನ್ನು 4ಕೆಗೆ ಹಿಗ್ಗಿಸಿ ಕಳಿಸುತ್ತವೆ. ಹೀಗಿರುವಾಗ ಹಳೆಯ ಯಂತ್ರ ಇಟ್ಟುಕೊಂಡವರು, ಹೊಸ ಟಿವಿಯಿಂದಲೇ ಆಟದ ಚಿತ್ರ ನಾಲ್ಕು ಪಟ್ಟು ಸ್ಫುಟವಾದೀತು ಎಂದು ನಿರೀಕ್ಷಿಸುವಂತಿಲ್ಲ.

ಇನ್ನು ಕೂರುವ ದೂರ. ಸಾಮಾನ್ಯ ದೃಷ್ಟಿಯ ಕಣ್ಣು ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟು ಸೂಕ್ಷ್ಮವನ್ನು ಬಿಡಿಸಿ ನೋಡಬಲ್ಲದು. ಈ ಲೆಕ್ಕದಂತೆ 55 ಇಂಚಿನ ಫುಲ್ ಎಚ್‌ಡಿ ಪರದೆಯ ಚುಕ್ಕಿಗಳು ಸುಮಾರು 7 ಅಡಿಯ ಆಚೆಗೆ ಒಂದರಲ್ಲೊಂದು ಬೆರೆತುಹೋಗುತ್ತವೆ. 43 ಇಂಚಿನದಾದರೆ ಐದೂವರೆ ಅಡಿಯ ಆಚೆಗೇ ಹಾಗಾಗುತ್ತದೆ. ಶಿರಸಿ, ಸಿದ್ದಾಪುರ ಕಡೆಯ ಹಳೆಯ ಮನೆಗಳ ಉದ್ದನೆಯ ಜಗಲಿಯಲ್ಲಿ ಒಂದು ತುದಿಯ ಗೋಡೆಗೆ ಟಿವಿ ತೂಗುಹಾಕಿ, ಇನ್ನೊಂದು ತುದಿಯ ಮಂಚದಲ್ಲಿ ಹತ್ತು ಹನ್ನೆರಡು ಅಡಿ ದೂರ ಕೂತು ಆಡುವವರಿಗೆ 43 ಇಂಚಿನಲ್ಲಿ 4ಕೆಯ ಹೆಚ್ಚುವರಿ ಚುಕ್ಕಿಗಳು ಕಣ್ಣಿಗೆ ಬೀಳುವುದೇ ಇಲ್ಲ. ಕಾರವಾರದ ಫ್ಲ್ಯಾಟಿನ ಸಣ್ಣ ಕೋಣೆಯಲ್ಲಿ ನಾಲ್ಕೈದು ಅಡಿ ಹತ್ತಿರ ಕೂರುವ ಹುಡುಗನಿಗೆ ಅದೇ ಟಿವಿಯಲ್ಲಿ ಆಟದ ಮೂಲೆಯ ನಕ್ಷೆಯ ಸಣ್ಣ ಅಕ್ಷರಗಳೂ ದೂರದ ಮರದ ಎಲೆಗಳೂ ಸ್ಪಷ್ಟವಾಗಿ ಬೇರೆಯಾಗುತ್ತವೆ. ಆದ್ದರಿಂದ ಅಂಗಡಿಗೆ ಹೊರಡುವ ಮೊದಲು ಅಳತೆಪಟ್ಟಿ ಹಿಡಿದು, ಕೂತವರ ಕಣ್ಣಿನಿಂದ ಗೋಡೆಗೆ ಎಷ್ಟು ಅಡಿ ಎಂದು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಒಂದು ವಿಷಯದಲ್ಲಿ ಮಾತ್ರ ನಾನು ಖಂಡಿತವಾಗಿ ಬೇಡ ಎನ್ನುತ್ತೇನೆ. 32 ಇಂಚಿನ ಅಗ್ಗದ ಟಿವಿಗಳ ಪೆಟ್ಟಿಗೆಯ ಮೇಲೆ ಎಚ್‌ಡಿ ರೆಡಿ ಎಂದು ಬರೆದಿರುತ್ತದೆ. ಇವುಗಳಲ್ಲಿ ಹೆಚ್ಚಿನವು 1366ಕ್ಕೆ 768 ಚುಕ್ಕಿಗಳ ಪರದೆಗಳು. ಯಂತ್ರ ಕಳಿಸುವ 1080 ಸಾಲುಗಳನ್ನಾಗಲಿ 720 ಸಾಲುಗಳನ್ನಾಗಲಿ ಈ 768ರಲ್ಲಿ ಲೆಕ್ಕ ತಪ್ಪದೆ ಕೂರಿಸಲು ಬರುವುದಿಲ್ಲ; ಸಾಲುಗಳನ್ನು ಕುಗ್ಗಿಸಿಯೋ ಹಿಗ್ಗಿಸಿಯೋ ತೋರಿಸಬೇಕಾಗುವುದರಿಂದ ಅಕ್ಷರಗಳ ಅಂಚು ಮಸುಕಾಗುತ್ತದೆ. ಫುಲ್ ಎಚ್‌ಡಿ ಚಿತ್ರ 4ಕೆ ಪರದೆಗೆ ಬಂದಾಗ ಈ ತೊಡಕಿಲ್ಲ, ಒಂದು ಚುಕ್ಕಿಗೆ ನಾಲ್ಕು ಎಂಬ ಲೆಕ್ಕ ಸರಿಹೊಂದುತ್ತದೆ. 32 ಇಂಚೇ ಸಾಕು ಎನ್ನುವವರು ಫುಲ್ ಎಚ್‌ಡಿಯದನ್ನೇ ಕೇಳಿ ಪಡೆಯಬೇಕು.

ನೋಡುವವನಿಗೂ ಆಡುವವನಿಗೂ ಇರುವ ಭೇದ ಕಾಲದ್ದು. ಸೆಕೆಂಡಿಗೆ 30 ಚಿತ್ರ ಬರುವ ಆಟದಲ್ಲಿ ಒಂದೊಂದು ಚಿತ್ರ 33 ಮಿಲಿಸೆಕೆಂಡ್ ನಿಲ್ಲುತ್ತದೆ. 60 ಬಂದರೆ ಸುಮಾರು 17, 120 ಬಂದರೆ 8ಕ್ಕೆ ಇಳಿಯುತ್ತದೆ. ಹೊಸ ಯಂತ್ರಗಳ ಅನೇಕ ಆಟಗಳು ಹೆಚ್ಚು ಚುಕ್ಕಿ ಬೇಕೋ ಹೆಚ್ಚು ವೇಗ ಬೇಕೋ ಎಂದು ಆಟಗಾರನನ್ನೇ ಕೇಳುತ್ತವೆ. ಕ್ರಿಕೆಟ್, ಫುಟ್‌ಬಾಲ್, ಕಾರು ಓಟದಂಥ ಆಟಗಳಲ್ಲಿ ನಾನು ಯಾವಾಗಲೂ ವೇಗದ ಪಕ್ಷ. ಇದರ ಜೊತೆಗೆ ಟಿವಿಯೂ ತನ್ನ ಪಾಲಿನ ವಿಳಂಬವನ್ನು ಸೇರಿಸುತ್ತದೆ. ಸಿನಿಮಾ ಚೆಂದ ಕಾಣಲೆಂದು ಚಿತ್ರವನ್ನು ನಯಗೊಳಿಸುವ ಕೆಲಸ ಅದರೊಳಗೆ ನಡೆಯುತ್ತಿರುವಾಗ, ಗುಂಡಿ ಒತ್ತಿದ್ದಕ್ಕೂ ಪರದೆಯ ಮೇಲೆ ಬ್ಯಾಟು ಬೀಸಿದ್ದಕ್ಕೂ ನಡುವೆ ಕೆಲವು ಟಿವಿಗಳಲ್ಲಿ 100 ಮಿಲಿಸೆಕೆಂಡಿನಷ್ಟು ಕಾಲ ಕಳೆದುಹೋಗುತ್ತದೆ. ಭಾಗವತರ ತಾಳಕ್ಕೆ ವೇಷಧಾರಿಯ ಹೆಜ್ಜೆ ತುಸು ಹಿಂದೆ ಬಿದ್ದಂತೆ, ಏನೋ ಸರಿಯಿಲ್ಲವೆಂದು ಕೈಗೆ ತಿಳಿಯುತ್ತದೆ, ಯಾಕೆಂದು ಕಣ್ಣಿಗೆ ತಿಳಿಯುವುದಿಲ್ಲ. ಟಿವಿಯ ಸೆಟ್ಟಿಂಗಿನಲ್ಲಿರುವ ಗೇಮ್ ಮೋಡ್ ಹಾಕಿದರೆ ಈ ನಯಗೊಳಿಸುವಿಕೆ ನಿಂತು, ಒಳ್ಳೆಯ ಟಿವಿಯಲ್ಲಿ ವಿಳಂಬ 20 ಮಿಲಿಸೆಕೆಂಡಿಗಿಂತ ಕೆಳಗೆ ಬರುತ್ತದೆ. ಅಂಗಡಿಯಲ್ಲಿ ಓಡುತ್ತಿರುವ ಹೂವು, ಜಲಪಾತಗಳ ಬಣ್ಣದ ವಿಡಿಯೋ ಇದನ್ನು ತೋರಿಸಲಾರದು. ಸಾಧ್ಯವಾದರೆ ನಿಮ್ಮ ಯಂತ್ರವನ್ನೇ ಒಯ್ದು, ಗೇಮ್ ಮೋಡ್ ಹಾಕಿಸಿ, ನಿಮ್ಮ ಮನೆಯಷ್ಟೇ ದೂರದಲ್ಲಿ ನಿಂತು ಒಂದು ಓವರ್ ಆಡಿ ನೋಡಿ. ಅಂಗಡಿಯವರಿಗೆ ಕೊಂಚ ಕಿರಿಕಿರಿಯಾದೀತು. ಆಗಲಿ, ಹಣ ಕೊಡುವವರು ನೀವು.

ಪೆಟ್ಟಿಗೆಯ ಮೇಲೆ 120 ಎಂಬ ಅಂಕಿ ಕಂಡರೆ ಅದು ಪರದೆಯ ನಿಜವಾದ ಹರ್ಟ್ಸ್, ಅಂದರೆ ಪರದೆ ಸೆಕೆಂಡಿಗೆ ಚಿತ್ರ ಬದಲಿಸುವ ಸಂಖ್ಯೆ, ಹೌದೋ ಅಲ್ಲವೋ ಎಂದು ವಿಚಾರಿಸಬೇಕು, ಏಕೆಂದರೆ ಮೋಷನ್ ಎಂಬ ಮಾತಿನ ಜೊತೆ ಬರುವ ಅಂಕಿ ಎಷ್ಟೋ ಸಲ ಪ್ರಚಾರದ್ದು, ಪರದೆ 60ರದ್ದೇ ಆಗಿರುತ್ತದೆ. 4ಕೆ ಚಿತ್ರವನ್ನು ಸೆಕೆಂಡಿಗೆ 60ರಂತೆ ತರಲು, ಯಂತ್ರವನ್ನು ಟಿವಿಗೆ ಜೋಡಿಸುವ ಎಚ್‌ಡಿಎಂಐ ಕಿಂಡಿಯ 2.0 ಆವೃತ್ತಿ ಸಾಕು, 120ರಂತೆ ತರಲು 2.1 ಬೇಕು. ಅದೂ ಟಿವಿಯ ಎಲ್ಲ ಕಿಂಡಿಗಳಲ್ಲಿ ಇರಬೇಕೆಂದೇನಿಲ್ಲ.

ಇಷ್ಟಾದ ಮೇಲೆ ರೆಸಲ್ಯೂಷನ್ನಿನ ಆಯ್ಕೆ ಬಹುಪಾಲು ತಾನಾಗಿಯೇ ಮುಗಿದಿರುತ್ತದೆ. ಪ್ಲೇಸ್ಟೇಷನ್ 4, ಸಣ್ಣ ಕೋಣೆ, ಕಡಿಮೆ ಹಣ ಎಂದಾದರೆ 32 ಇಂಚಿನ ಫುಲ್ ಎಚ್‌ಡಿ. 43 ಇಂಚಿನಿಂದ ಮೇಲಕ್ಕೆ ಹೋದರೆ ಪೇಟೆಯಲ್ಲಿ ಸಿಗುವುದು ಹೆಚ್ಚಾಗಿ 4ಕೆಯೇ ಆದ್ದರಿಂದ, ಉಳಿದ ಹಣವನ್ನು ಇನ್ನೂ ದೊಡ್ಡ ಗಾತ್ರಕ್ಕೆ ಸುರಿಯದೆ ಕಡಿಮೆ ವಿಳಂಬಕ್ಕೂ, ಹೊಸ ಯಂತ್ರವಿದ್ದವರು ನಿಜವಾದ 120 ಹರ್ಟ್ಸ್ ಪರದೆಗೂ ಹಾಕುವುದು ಲೇಸು. ಟಿವಿ ಮನೆಗೆ ಬಂದ ದಿನ ಎಚ್‌ಡಿಎಂಐ ಕಿಂಡಿಯ ಸೆಟ್ಟಿಂಗಿನಲ್ಲಿ ಎನ್‌ಹ್ಯಾನ್ಸ್ಡ್ ಎಂಬರ್ಥದ ಆಯ್ಕೆಯನ್ನು ಹುಡುಕಿ ತೆರೆಯಿರಿ. ಕೆಲವು ಟಿವಿಗಳಲ್ಲಿ ಅದು ಮುಚ್ಚಿಯೇ ಬಂದಿರುತ್ತದೆ, ಮುಚ್ಚಿರುವಷ್ಟು ದಿನವೂ ನೀವು ಕೊಟ್ಟ ದುಡ್ಡಿನ ಪೂರ್ಣ ಚಿತ್ರ ಪರದೆಗೆ ಬರುವುದಿಲ್ಲ.

ನಮಸ್ಕಾರ.