ಹಿತ್ತಲ ಗಿಡ ಔಷಧ ಆಗೋದು ಹೆಂಗ

ಎಲ್ಲಾರಿಗೂ ನಮಸ್ಕಾರ್ರಿ. ಈ ವಿಷಯ ಮಾತಾಡಾಕ ಬೆಳಗಾವಿಗಿಂತ ಛಲೋ ಜಾಗಾ ಸಿಗೂದು ಕಷ್ಟ, ಯಾಕಂದ್ರ ಇತ್ತಾಗ ಖಾನಾಪುರದ ಕಾಡು ಐತಿ, ಅತ್ತಾಗ ಐಸಿಎಂಆರ್ ಅಂದ್ರ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರ ರಾಷ್ಟ್ರೀಯ ಪಾರಂಪರಿಕ ಔಷಧ ಸಂಸ್ಥೆ ಇದ ಊರಾಗ ಐತಿ, ಮತ್ತ ಇಲ್ಲಿ ಕುಂತವರೊಳಗ ಅರ್ಧ ಮಂದಿ ಮನ್ಯಾಗ ಅಜ್ಜಿ ಕೊಟ್ಟ ಕಷಾಯ ಕುಡದ ಬೆಳದವರು. ಅದಕ್ಕ ಪೀಠಿಕಿ ಬ್ಯಾಡ, ಸೀದಾ ವಿಷಯಕ್ಕ ಬರ್ತೀನಿ.

ನಿಮ್ಮ ಮನ್ಯಾಗ ಶುಗರ್ ಇದ್ದೋರ ಗುಳಿಗಿ ಡಬ್ಬಿ ತಗದ್ರ ಮೆಟ್‌ಫಾರ್ಮಿನ್ ಇರ್ತೈತಿ. ಫ್ಯಾಕ್ಟರಿ ಕೆಮಿಕಲ್, ನಮ್ಮ ಗಿಡಮೂಲಿಕಿ ಇದಕ್ಕಿಂತ ಪಾಡು ಅಂತ ಭಾಳ ಮಂದಿ ನನ್ನ ಮುಂದ ಹೇಳ್ಯಾರ. ಆದ್ರ ಅದರ ಮೂಲಾನೂ ಒಂದು ಗಿಡಾನ ರೀ. ಯುರೋಪಿನ್ಯಾಗ ಗೆಲೆಗಾ ಅಂತ ಒಂದು ಗಿಡ, ಪದೇ ಪದೇ ಮೂತ್ರಕ್ಕ ಹೋಗೋರಿಗೆ ಅಲ್ಲಿ ಹಳ್ಳಿ ಮಂದಿ ಅದನ್ನ ಕೊಡ್ತಿದ್ರು. ಅದರಾಗಿನ ಗೆಲೆಜಿನ್ ಅನ್ನೋ ವಸ್ತು ಸಕ್ರಿ ಇಳಸ್ತಿತ್ತು ಖರೆ, ಆದ್ರ ವಿಷ, ಆ ಗಿಡ ಮೇದ ಕುರಿ ಸತ್ತಾವು. ಅದ ಜಾತಿ ರಚನೆ ಇಟ್ಕೊಂಡು ಲ್ಯಾಬ್‌ನ್ಯಾಗ 1922ರಾಗ ಮೆಟ್‌ಫಾರ್ಮಿನ್ ತಯಾರ ಮಾಡಿದ್ರು, ಆವಾಗ ಇನ್ಸುಲಿನ್ ಹೊಸದಾಗಿ ಬಂದಿತ್ತು, ಇದರ ಕಡೆ ಯಾರೂ ಲಕ್ಷ್ಯ ಕೊಡಲಿಲ್ಲ, ಕಡೀಕ 1957ರಾಗ ಪ್ಯಾರಿಸಿನ ಡಾಕ್ಟರ್ ಜಾನ್ ಸ್ಟರ್ನ್ ಪೇಶಂಟ್‌ಗಳ ಮ್ಯಾಲ ನೋಡಿ ರಿಪೋರ್ಟ್ ಬರದ್ರು. ಅಮೆರಿಕಾದಾಗ ಪರ್ಮಿಶನ್ ಸಿಕ್ಕಿದ್ದು 1994ರಾಗ. ನನ್ನ ಮಾತು ಇಷ್ಟ, ಗಿಡ ಸುಳುವು ಕೊಡ್ತೈತಿ, ಆ ಸುಳುವು ಹಿಡದು ಔಷಧ ಮಾಡೋದು ದೊಡ್ಡ ಕೆಲಸ, ಆ ಕೆಲಸ ನಮ್ಮ ಕಡೆ ಹುಡುಗರು ಹುಡುಗ್ಯಾರು ಮಾಡಬೇಕು ಅನ್ನೋದು ನನ್ನ ಆಶಾ.

ಈಗ ಇಲ್ಲಿ ತಟ್ಟ್ಯಾಗ ಮಧುನಾಶಿನಿ ಎಲಿ ತಂದೀನಿ. ಮುಂದಿನ ಸಾಲಿನವರು ಇಬ್ಬರು ಬರ್ರಿ, ಶುಗರ್ ಗುಳಿಗಿ ತೊಗೊಳ್ಳೋರು ಬ್ಯಾಡ. ಎಲಿ ಚಂದಂಗ ಅಗೀರಿ, ನಾಲಿಗಿ ಮ್ಯಾಲ ಎಲ್ಲಾ ಕಡೆ ಆಡಸ್ರಿ, ಆಮ್ಯಾಲ ಉಗುಳಿ ಬಾಯಿ ಮುಕ್ಕಳಸ್ರಿ. ಹಾಂ, ಈಗ ಚಮಚಾದಾಗಿನ ಸಕ್ರಿ ಬಾಯಾಗ ಹಾಕ್ಕೋರಿ. ಏನನಸ್ತೈತಿ? ಉಸುಕು ಹಾಕ್ಕೊಂಡಂಗ ಆತಲ್ಲ! ಈಗ ಒಂದು ಹರಳು ಉಪ್ಪು. ಉಪ್ಪಿನ ರುಚಿ ಬಂತು, ಹೌದಲ್ರಿ? ಎಲ್ಯಾಗ ಜಿಮ್ನೆಮಿಕ್ ಆಸಿಡ್ ಅಂತ ಇರ್ತಾವ, ಅವು ನಾಲಿಗಿ ಮ್ಯಾಲಿನ ಸಿಹಿ ಗುರುತಿಸೋ ರಿಸೆಪ್ಟರ್‌ಗೆ ಹೋಗಿ ಕುಂಡ್ರತಾವ, ಉಪ್ಪಿನ ತಂಟೆಕ್ಕ ಹೋಗೂದಿಲ್ಲ. ಸ್ವಲ್ಪ ಹೊತ್ತಿನ್ಯಾಗ ತಾನಾಗೇ ಹೋಗ್ತೈತಿ, ಗಾಬರಿ ಬ್ಯಾಡ.

ಇದನ್ನ ಕಣ್ಣಾರೆ ನೋಡಿದವರು ತಕ್ಷಣ ಕೇಳ್ತಾರ, ಹಂಗಾರ ಇದು ಶುಗರ್ ಔಷಧ ಅಲ್ಲೇನ್ರಿ ಅಂತ. ನಾಲಿಗಿ ಮ್ಯಾಲ ಸಿಹಿ ಹೋಗೋದು ಬ್ಯಾರೆ, ರಕ್ತದಾಗ ಸಕ್ರಿ ಇಳಿಯೋದು ಬ್ಯಾರೆ. ರಕ್ತದ್ದು ಗೊತ್ತಾಗಬೇಕಂದ್ರ ಎಷ್ಟು ಡೋಸ್, ಎಷ್ಟು ದಿನ, ಯಾವ ಪೇಶಂಟ್‌ಗೆ, ಬ್ಯಾರೆ ಗುಳಿಗಿ ಜೋಡಿ ಕೊಟ್ರ ಏನಾಗ್ತೈತಿ, ಲಿವರ್ ಕಿಡ್ನಿ ಹೆಂಗಿರ್ತಾವ, ಇವೆಲ್ಲಾ ನೋಡಬೇಕು, ಮತ್ತ ಗಿಡ ಕೊಡಲಾರದ ಇನ್ನೊಂದು ಗುಂಪಿನ ಜೋಡಿ ತುಲನಾ ಮಾಡಿ ನೋಡಬೇಕು.

ಕೆಲವೊಮ್ಮೆ ಸುಳುವು ಒಂದ್ ಕಡೆ ತೋರಸ್ತೈತಿ, ಔಷಧ ಇನ್ನೊಂದ್ ಕಡೆ ಸಿಗ್ತೈತಿ. ನಮ್ಮ ಅಂಗಳದಾಗ ಸದಾಪುಷ್ಪ ಐತಲ್ಲ, ಇಲ್ಲಿ ಮರಾಠಿ ಮಂದಿ ಸದಾಫುಲಿ ಅಂತಾರ, ಗುಲಾಬಿ ಬಣ್ಣದ ಐದು ಎಸಳಿನ ಹೂವು, ನೀರು ಹಾಕದಿದ್ರೂ ಗ್ವಾಡಿ ಸಂದ್ಯಾಗ ಬೆಳೀತೈತಿ. 1952ರಾಗ ಜಮೈಕಾದಿಂದ ಕೆನಡಾಕ್ಕ ಇದರ ಎಲಿ ಒಂದು ಲಕೋಟ್ಯಾಗ ಬಂತು, ಅಲ್ಲಿ ಮಂದಿ ಶುಗರಿಗೆ ಇದರ ಚಹಾ ಕುಡೀತಾರ ಅಂತ ಹೇಳಿ ಕಳಿಸಿದ್ರು. ರಾಬರ್ಟ್ ನೋಬಲ್ ಅನ್ನೋ ವಿಜ್ಞಾನಿ ಇಲಿಗಳಿಗೆ ಕುಡಿಸಿ ನೋಡಿದ್ರು, ಸಕ್ರಿ ಏನೂ ಇಳೀಲಿಲ್ಲ. ಇಂಜೆಕ್ಷನ್ ಕೊಟ್ಟು ನೋಡಿದ್ರು, ಇಲಿ ಇನ್‌ಫೆಕ್ಷನ್ ಆಗಿ ಸಾಯಾಕತ್ತಿದ್ವು. ಇನ್ನೊಬ್ಬರು ಇದ್ದಿದ್ರ ಈ ಗಿಡ ಉಪಯೋಗಿಲ್ಲ ಅಂತ ಒಗದು ಬಿಡ್ತಿದ್ರೇನೋ, ಇವರು ಯಾಕ ಸತ್ತಾವು ಅಂತ ರಕ್ತ ನೋಡಿದ್ರು, ಬಿಳಿ ರಕ್ತಕಣ ಕುಸದು ಹೋಗಿದ್ವು. ಹಂಗಾರ ಬಿಳಿ ರಕ್ತಕಣ ವಿಪರೀತ ಬೆಳಿಯೋ ಕ್ಯಾನ್ಸರಿಗೆ ಇದು ಬರ್ತೈತೇನು ಅನ್ನೋ ಪ್ರಶ್ನೆ ಅಲ್ಲಿಂದ ಎದ್ದಿತು. ನೋಬಲ್ ಅವರು ಚಾರ್ಲ್ಸ್ ಬಿಯರ್ ಅನ್ನೋ ರಸಾಯನ ವಿಜ್ಞಾನಿ ಜೋಡಿ ಸೇರಿ 1958ರ ಹೊತ್ತಿಗೆ ಈ ಎಲಿಯಿಂದ ವಿನ್‌ಬ್ಲಾಸ್ಟಿನ್ ಅನ್ನೋ ಔಷಧ ತಗದ್ರು, ಆಮ್ಯಾಲ ಅಮೆರಿಕಾದ ಇಲೈ ಲಿಲ್ಲಿ ಕಂಪನಿಯೊಳಗ ವಿನ್‌ಕ್ರಿಸ್ಟಿನ್ ಸಿಕ್ತು. ಇವತ್ತಿಗೂ ಸಣ್ಣ ಹುಡುಗರ ರಕ್ತದ ಕ್ಯಾನ್ಸರಿಗೆ ಕೊಡೋ ಔಷಧದಾಗ ವಿನ್‌ಕ್ರಿಸ್ಟಿನ್ ಇರ್ತೈತಿ, ಎಷ್ಟೋ ಹುಡುಗರು ಗುಣ ಆಗಿ ಸಾಲಿಗೆ ಹೋಗ್ತಾರ. ಇದನ್ನ ಪಾಠ ಮಾಡುವಾಗ ಪ್ರತಿ ವರ್ಷ ನನಗ ಮೈ ಜುಂ ಅಂತೈತಿ. ಆದ್ರ ಒಂದ್ ಮಾತು, ಒಂದು ಗ್ರಾಂ ವಿನ್‌ಕ್ರಿಸ್ಟಿನ್ ಬರಬೇಕಂದ್ರ ನೂರಾರು ಕಿಲೋ ಒಣ ಎಲಿ ಬೇಕು, ಅದನ್ನ ಅಳತಿ ಮಾಡಿ ರಕ್ತನಾಳಕ್ಕ ಕೊಡಬೇಕು. ಮನ್ಯಾಗ ಎಲಿ ಕುದಿಸಿ ಕುಡದ್ರ ಕ್ಯಾನ್ಸರ್ ಹೋಗೂದಿಲ್ಲ, ಅಪಾಯಾನ ಆಗ್ತೈತಿ, ದಯವಿಟ್ಟು ಮಾಡಬ್ಯಾಡ್ರಿ.

ಫಾರ್ಮಸಿ ಹುಡುಗರಿಗೆ ಬ್ಯಾರೆ ಒಂದು ಮಾತು. ಪ್ರಾಜೆಕ್ಟ್‌ನ್ಯಾಗ ನೀವು ಯಾವದೋ ಎಲಿ ಎಕ್ಸ್‌ಟ್ರಾಕ್ಟ್ ಮಾಡಿ ಲ್ಯಾಬ್ ಪ್ಲೇಟ್‌ನ್ಯಾಗ ಬೆಳಸಿದ ಕ್ಯಾನ್ಸರ್ ಸೆಲ್ ಅಂದ್ರ ಜೀವಕೋಶದ ಮ್ಯಾಲ ಹಾಕ್ತೀರಿ, ಸೆಲ್ ಸತ್ತು ಅಂತ ಬರೀತೀರಿ, ಪೇಪರ್‌ನವರು ಕ್ಯಾನ್ಸರಿಗೆ ಔಷಧ ಸಿಕ್ತು ಅಂತ ಹಾಕ್ತಾರ. ಪ್ಲೇಟ್‌ನ್ಯಾಗ ಡೋಸ್ ಜಾಸ್ತಿ ಆದ್ರ ಉಪ್ಪಿನ ನೀರೂ ಸೆಲ್ ಸಾಯಸ್ತೈತಿ. ಅರಿಷಿಣದಾಗಿನ ಕರ್ಕ್ಯುಮಿನ್ ನೋಡ್ರಿ, ಅದರ ಮ್ಯಾಲ ಸಾವಿರಾರು ಪೇಪರ್ ಬಂದಾವ, ಆದ್ರ ಹೊಟ್ಟಿಗೆ ಹೋದ ಮ್ಯಾಲ ರಕ್ತಕ್ಕ ಸೇರೋದು ಭಾಳ ಕಡಿಮಿ, ಬೇಗ ಒಡದು ಹೋಗ್ತೈತಿ, ಅದೂ ಅಲ್ಲದ ಟೆಸ್ಟ್‌ನ್ಯಾಗ ಎಲ್ಲಾದಕ್ಕೂ ಅಂಟ್ಕೊಂಡು ಸುಳ್ಳ ಸುಳ್ಳ ಪಾಸಿಟಿವ್ ತೋರಸೋ ಗುಣ ಐತಿ ಅಂತ 2017ರಾಗ ಔಷಧ ರಸಾಯನ ತಜ್ಞರು ವಿವರವಾಗಿ ಬರದಾರ. ಅರಿಷಿಣ ಅಡಗೀಗೆ ಬ್ಯಾಡ ಅಂತ ನಾ ಅಂದಿಲ್ಲ. ರಿಸಲ್ಟ್ ಬರೀವಾಗ ಕೈ ಬಿಗಿ ಹಿಡೀರಿ ಅಂತ ಹೇಳಾಕತ್ತೀನಿ.

ಹಂಗಂತ ಹಳೆ ತಿಳಿವಳಿಕಿ ಬಿಟ್ಟು ಕೊಡಬ್ಯಾಡ್ರಿ. ಮಲೇರಿಯಾಕ್ಕ ಆರ್ಟೆಮಿಸಿನಿನ್ ಸಿಕ್ಕ ಕಥಿ ಕೇಳ್ರಿ. ಚೀನಾದಾಗ 1967ರಾಗ ಸರ್ಕಾರ ಒಂದು ಗುಪ್ತ ಯೋಜನಾ ಶುರು ಮಾಡ್ತು, ಅದರಾಗ ತು ಯೂಯೂ ಅನ್ನೋ ವಿಜ್ಞಾನಿ ಹಳೆ ಗ್ರಂಥ ಎಲ್ಲಾ ತಗದು ಓದಿದ್ರು. ಕ್ವಿಂಗ್‌ಹಾವ್ ಅನ್ನೋ ಗಿಡ ಆರಿಸಿದ್ರು, ಆದ್ರ ರಿಸಲ್ಟ್ ಒಮ್ಮೆ ಬಂದ್ರ ಇನ್ನೊಮ್ಮೆ ಬರ್ತಿರಲಿಲ್ಲ. ಆಮ್ಯಾಲ ನಾಲ್ಕನೇ ಶತಮಾನದಾಗ ‘ಗೆ ಹೊಂಗ್’ ಅನ್ನೋ ಪಂಡಿತ ಬರದಿದ್ದನ್ನ ಮತ್ತೊಮ್ಮೆ ಓದಿದಾಗ ಹೊಳೀತು, ಅದರಾಗ ಗಿಡ ಕುದಿಸ್ರಿ ಅಂತ ಇರಲಿಲ್ಲ, ನೀರಾಗ ನೆನಿಸಿ ಹಿಂಡಿ ರಸ ಕುಡೀರಿ ಅಂತ ಇತ್ತು. ಬಿಸಿಗೆ ಔಷಧದ ಗುಣ ಹಾಳಾಗ್ತೈತೇನೋ ಅಂತ ಕಡಿಮಿ ಉಷ್ಣದಾಗ ಈಥರ್ ಅನ್ನೋ ದ್ರಾವಕ ಹಾಕಿ ತಗದ್ರು, 1971ರಾಗ ಇಲಿಗಳ ಮಲೇರಿಯಾ ಪೂರಾ ಹೋತು, ಮುಂದಿನ ವರ್ಷ ಮೊದಲು ತಮ್ಮ ಮ್ಯಾಲ ಟೆಸ್ಟ್ ಮಾಡ್ಕೊಂಡ್ರು. 2015ರಾಗ ನೊಬೆಲ್ ಬಂತು. ಅದಕ್ಕ ನಿಮ್ಮ ಅಜ್ಜಿ ಒಂದು ಬೇರನ್ನ ತಣ್ಣೀರಾಗ ತೇಯ್ದು ಕೊಡಬೇಕು ಅಂತ ಹೇಳಿದ್ರ ತಣ್ಣೀರು ಅಂತಾನ ಬರ್ಕೋರಿ, ಮುಂಜಾನೆ ಕಿತ್ತ ಎಲಿ ಅಂದ್ರ ಮುಂಜಾನೆ ಅಂತಾನ ಬರ್ಕೋರಿ.

ಡೋಸ್ ಬಗ್ಗೆ ಹೇಳಾಕ ನಮ್ಮ ಕಡೆ ದತ್ತೂರಿ ಸಾಕು. ಹೊಲದ ಬದುವಿನ್ಯಾಗ ಮುಳ್ಳಿನ ಕಾಯಿ ಬಿಡೋ ಗಿಡ, ಅದರ ಬೀಜ ತಿಂದವರಿಗೆ ಬಾಯಿ ಒಣಗ್ತೈತಿ, ಕಣ್ಣಿನ ಪಾಪಿ ಅಗಲ ಆಗ್ತೈತಿ, ಎದಿ ಜೋರ ಬಡಕೋತೈತಿ, ತಲಿ ಕೆಟ್ಟಂಗ ಮಾತಾಡ್ತಾರ. ಈಗ ವಿಜಯಪುರ ಕಡೆ ದ್ರಾಕ್ಷಿ ತ್ವಾಟದಾಗ, ನಮ್ಮ ಕಡೆ ಹತ್ತಿ ಹೊಲದಾಗ ಎಣ್ಣಿ, ಅಂದ್ರ ಕೀಟನಾಶಕ, ಹೊಡಿಯೋವಾಗ ಮೈಗೆ ವಿಷ ಏರಿದವರನ್ನ ನೋಡ್ರಿ, ಅದು ಆರ್ಗನೋಫಾಸ್ಫೇಟ್ ಜಾತಿ ಎಣ್ಣಿ ಆಗಿದ್ರ ಎಲ್ಲಾ ಉಲ್ಟಾ, ಬಾಯಾಗ ಜೊಲ್ಲು, ಎದ್ಯಾಗ ಕಫ ತುಂಬಿ ಉಸಿರು ಕಟ್ಟೋದು, ಕಣ್ಣಿನ ಪಾಪಿ ಸಾಸಿವಿ ಕಾಳಿನಷ್ಟು, ನಾಡಿ ಮಂದ. ದವಾಖಾನ್ಯಾಗ ಅಂಥವರಿಗೆ ತಾಸಗಟ್ಲೆ ಅಟ್ರೋಪಿನ್ ಕೊಡ್ತಾರ, ಎದಿ ಒಣಗೋ ತನಕ. ಅಟ್ರೋಪಿನ್ ದತ್ತೂರಿ ಮತ್ತ ಬೆಲ್ಲಡೋನಾ ಗಿಡದ ಕುಟುಂಬದ ವಸ್ತು. ಎಷ್ಟೋ ರೈತರ ಜೀವ ಉಳಿಸಿದ್ದು ಇದ. ಗಿಡದ ಬೀಜದಾಗ ಎಷ್ಟೈತಿ ಅನ್ನೋದು ಕಾಯಿ ಕಾಯಿಗೆ ಬ್ಯಾರೆ, ಇಂಜೆಕ್ಷನ್ ಬಾಟ್ಲ್ಯಾಗ ಮಿಲಿಗ್ರಾಂ ಲೆಕ್ಕ ಐತಿ. ಔಷಧಕ್ಕೂ ವಿಷಕ್ಕೂ ಇರೋ ಅಂತರ ಅಲ್ಲೇ ಐತಿ.

ಗಿಡದ್ದು ಅಂದ್ರ ಸೈಡ್ ಎಫೆಕ್ಟ್ ಇಲ್ಲ ಅನ್ನೋ ಮಾತು ನನಗ ಭಾಳ ಚಿಂತಿ ಹಚ್ಚತೈತಿ. ಬೆಲ್ಜಿಯಂನ್ಯಾಗ 1990ರ ದಶಕದಾಗ ತೂಕ ಇಳಸಾಕ ಗಿಡಮೂಲಿಕಿ ಗುಳಿಗಿ ತೊಗೊಂಡ ಹೆಣ್ಣಮಕ್ಕಳ ಕಿಡ್ನಿ ಹೋದ್ವು, ಮುಂದ ಕೆಲವರಿಗೆ ಮೂತ್ರನಾಳದ ಕ್ಯಾನ್ಸರೂ ಆತು. ಅದರಾಗ ಒಂದು ಗಿಡದ ಬದ್ಲಿ ಅರಿಸ್ಟೊಲೋಕಿಯಾ ಜಾತಿ ಗಿಡ ಸೇರಿತ್ತು. ನಮ್ಮ ಈಶ್ವರಿ ಬಳ್ಳಿ ಅದ ಜಾತಿ ರೀ! ಹಳ್ಳ್ಯಾಗ ಹಾವು ಕಡದ್ರ ಅದರ ಬೇರು ಕೊಡ್ತಾರ. ಹಾವು ಕಡದಾಗ ಹೊತ್ತು ಕಳೀಲಾರದ ದವಾಖಾನಿಗೆ ಹೋಗ್ರಿ, ಅಲ್ಲಿ ಕೊಡೋ ಆಂಟಿವೆನಮ್ಮೂ ನಿಸರ್ಗದ್ದ, ಕುದುರಿಗೆ ಸ್ವಲ್ಪ ಸ್ವಲ್ಪ ವಿಷ ಕೊಟ್ಟು ಅದರ ರಕ್ತದಿಂದ ತಯಾರ ಮಾಡಿದ್ದು.

ಇನ್ನ ಕಾಡಿನ ಮಾತು. ಪಶ್ಚಿಮ ಘಟ್ಟದಾಗ ದುರ್ವಾಸನೆ ಮರ ಅಂತ ಐತಿ, ಮರಾಠಿಯೊಳಗ ನರಕ್ಯಾ. ಅದರಾಗ ಕ್ಯಾನ್ಸರ್ ಸೆಲ್ ಕೊಲ್ಲೋ ಕ್ಯಾಂಪ್ಟೊಥೆಸಿನ್ ಅನ್ನೋ ವಸ್ತು ಐತಿ. ಇದನ್ನ ಮೊದಲು 1966ರಾಗ ಅಮೆರಿಕಾದಾಗ ಚೀನಾ ಮೂಲದ ಒಂದು ಮರದಿಂದ ತಗದಿದ್ರು, ಪೇಶಂಟ್‌ಗಳಿಗೆ ಕೊಟ್ಟಾಗ ಮೂತ್ರಕೋಶಕ್ಕ ಕೆಟ್ಟ ತೊಂದ್ರಿ ಆಗಿ ನಿಲ್ಲಿಸಿದ್ರು. ಆಮ್ಯಾಲ ಅದರ ರಚನೆ ತಿದ್ದಿ ತಿದ್ದಿ ಟೊಪೊಟೆಕಾನ್, ಇರಿನೊಟೆಕಾನ್ ಅನ್ನೋ ಕ್ಯಾನ್ಸರ್ ಔಷಧ ಮಾಡಿದ್ರು, ಎರಡಕ್ಕೂ ಅಮೆರಿಕಾದಾಗ 1996ರಾಗ ಪರ್ಮಿಶನ್ ಸಿಕ್ತು. ಬೇಡಿಕಿ ಬಂದಂಗ ನಮ್ಮ ಘಟ್ಟದ ಮರ ಬುಡ ಸಮೇತ ಕಡದು ಚೀಲ ತುಂಬಿ ಸಾಗಿಸಿದ್ರು. ಕಡಿದವರಿಗೆ ಸಿಕ್ಕಿದ್ದು ಕಟಗಿ ರೊಕ್ಕ ಅಷ್ಟ. ಇಲ್ಲೇ ಖಾನಾಪುರದ ಭೀಮಗಡದ ಕಾಡು ಉಳಿಬೇಕು ಅಂತ ಹೇಳುವಾಗ ಮಂದಿ ಹುಲಿ, ಬಾವಲಿ, ಮಹದಾಯಿ ನೀರು ಅಂತಾರ, ಅದೆಲ್ಲಾ ಖರೆ, ನನ್ನ ಪಾಲಿಗೆ ಅದು ಇನ್ನೂ ಓದದ ಔಷಧದ ಖಜಾನಿನೂ ಹೌದು.

ಕಾಡು ಇಲ್ಲದ ಬಾಗಲಕೋಟಿ ವಿಜಯಪುರದವರು ನಿರಾಶ ಆಗಬ್ಯಾಡ್ರಿ. ಮೊದಲ ಮಳಿ ಬಿದ್ದಾಗ ಎರಿ ಹೊಲದಿಂದ ಬರೋ ವಾಸನಿ ಐತಲ್ಲ, ಅದು ಮಣ್ಣಾಗಿನ ಸ್ಟ್ರೆಪ್ಟೊಮೈಸಿಸ್ ಅಂಥಾ ಸೂಕ್ಷ್ಮಜೀವಿ ಮಾಡೋ ಜಿಯೋಸ್ಮಿನ್ ವಾಸನಿ. ಟಿಬಿಗೆ ಸ್ಟ್ರೆಪ್ಟೊಮೈಸಿನ್ 1943ರಾಗ ಸಿಕ್ಕಿದ್ದು ಅದ ಕುಲದಿಂದ. ಜಪಾನಿನ ಸತೋಶಿ ಓಮುರಾ ಒಂದು ಗಾಲ್ಫ್ ಮೈದಾನದ ಹತ್ರ ತಂದ ಮಣ್ಣಾಗ ಸಿಕ್ಕ ಜೀವಿಯಿಂದ ಐವರ್‌ಮೆಕ್ಟಿನ್ ಬಂತು, ಆನೆಕಾಲು ರೋಗಕ್ಕ, ಆಫ್ರಿಕಾದ ನದಿ ಕುರುಡು ಅನ್ನೋ ಕಣ್ಣು ಕಳೆಯೋ ರೋಗಕ್ಕ ಕೋಟಿಗಟ್ಲೆ ಮಂದಿಗೆ ಕೊಟ್ಟಾರ. ಡೋಣಿ ಕೊಳ್ಳದ ಎರಿ ಮಣ್ಣಾಗ ಏನೈತಿ ಅಂತ ನಮ್ಮ ಹುಡುಗರ ಹುಡುಕಬೇಕು.

ಬರದಿಡೋದು ಯಾಕ ಬೇಕು ಅಂದ್ರ, ಗಾಯಕ್ಕ ಅರಿಷಿಣ ಹಚ್ಚೋದು ಹೊಸ ಶೋಧ ಅಂತ ಅಮೆರಿಕಾದಾಗ 1995ರಾಗ ಪೇಟೆಂಟ್ ಕೊಟ್ಟಿದ್ರು, ನಮ್ಮ ಸಿಎಸ್‌ಐಆರ್ ಅನ್ನೋ ದೇಶದ ವಿಜ್ಞಾನ ಸಂಶೋಧನಾ ಮಂಡಳಿಯವರು ಹಳೆ ಬರವಣಿಗಿ ತೋರಿಸಿ 1997ರಾಗ ರದ್ದು ಮಾಡಿಸಿದ್ರು. ಬಾಯಿ ಮಾತಿನಾಗ ಅಷ್ಟ ಇದ್ದಿದ್ರ ಕಷ್ಟ ಆಗ್ತಿತ್ತು. ಕೇರಳದ ಕಾಣಿ ಬುಡಕಟ್ಟಿನ ಮಂದಿ ತೋರಿಸಿದ ಆರೋಗ್ಯಪಚ್ಚ ಗಿಡದಿಂದ ಜೀವನಿ ಅನ್ನೋ ಔಷಧ ಮಾಡಿದಾಗ, ಬಂದ ಲೈಸೆನ್ಸ್ ರೊಕ್ಕದಾಗ ಅರ್ಧ ಪಾಲು ಅವರಿಗೆ ಕೊಟ್ರು, ಹಿಂಗ ಆಗಬೇಕು. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪಂಚಾಯ್ತಿಯೊಳಗ ಸಮಿತಿ ಮಾಡಿ ಊರಿನ ಗಿಡ, ತಿಳಿವಳಿಕಿ ದಾಖಲಾ ಮಾಡಬೇಕು, ನಿಮ್ಮೂರಾಗ ಆಗೈತೇನು ಅಂತ ಹೋಗಿ ಕೇಳ್ರಿ.

ಹಿಂಗ ದಾಖಲಾ ಮಾಡಾಕ ಗಿಡ ತರೋರು ಬರೇ ಎಲಿ ತರಬ್ಯಾಡ್ರಿ, ಹೂವು ಇಲ್ಲಾ ಕಾಯಿ ಇರೋ ಟೊಂಗಿ ತರ್ರಿ, ಇಲ್ಲಂದ್ರ ಜಾತಿ ಗುರುತು ಸಿಗೂದಿಲ್ಲ. ಜೋಡಿ ಒಂದು ಚೀಟಿ, ಊರಿನ ಹೆಸರು, ಅಲ್ಲಿ ಆ ಗಿಡಕ್ಕ ಏನಂತಾರ, ಯಾರು ಹೇಳಿದ್ರು, ಯಾವ ಭಾಗ, ಯಾವ ತಿಂಗಳು, ಹೆಂಗ ತಯಾರ ಮಾಡ್ತಾರ, ಹೇಳಿದವರ ಒಪ್ಪಿಗಿ ಐತಿಲ್ಲೋ. ಇಲ್ಲಿ ಟೇಬಲ್ ಮ್ಯಾಲ ಹಳೆ ಪೇಪರ್, ಗಿಡ ಒತ್ತಿ ಒಣಗಿಸೋ ಹಲಗಿ ಇಟ್ಟೀನಿ, ಈಗ ಎಲ್ಲಾರೂ ಮುಂದ ಬರ್ರಿ, ಹೆಂಗ ಒತ್ತೋದು ಅಂತ ತೋರಸ್ತೀನಿ, ಏನರ ಕೇಳೋದಿದ್ರ ಅಲ್ಲೇ ಕೇಳ್ರಿ.