ಎಲ್ಗಿನ್ನಿನ ದಿನಸಿ ವರ್ತಕರು ಮತ್ತು ಪೀಪಾಯಿಯೊಳಗಿನ ವರ್ಷಗಳು

ಸಭಿಕರಿಗೆಲ್ಲ ನಮಸ್ಕಾರ.

ಸ್ಕಾಟ್ಲೆಂಡಿನ ಈಶಾನ್ಯ ಭಾಗದಲ್ಲಿ, ಸ್ಪೇ ನದಿಯ ಸೀಮೆಯಲ್ಲಿ, ಎಲ್ಗಿನ್ ಎಂಬ ಸಣ್ಣ ಪಟ್ಟಣವಿದೆ. ಅಲ್ಲಿನ ಸೌತ್ ಸ್ಟ್ರೀಟ್‌ನಲ್ಲಿ 1895ರ ಮೇ ತಿಂಗಳಲ್ಲಿ ಜೇಮ್ಸ್ ಗಾರ್ಡನ್ ಮತ್ತು ಜಾನ್ ಅಲೆಕ್ಸಾಂಡರ್ ಮ್ಯಾಕ್‌ಫೇಲ್ ಎಂಬಿಬ್ಬರು ಪಾಲುದಾರರಾಗಿ ಒಂದು ಅಂಗಡಿ ತೆರೆದರು. ದಿನಸಿ, ಚಹಾ, ವೈನ್, ವಿಸ್ಕಿ ಎಲ್ಲವೂ ಸಿಗುತ್ತಿದ್ದ ಆ ಅಂಗಡಿಗೆ ಅದೇ ವರ್ಷ ಜಾನ್ ಅರ್ಕರ್ಟ್ ಎಂಬ ಹುಡುಗ ಕೆಲಸ ಕಲಿಯಲು ಸೇರಿದ. 1915ರಲ್ಲಿ ಮ್ಯಾಕ್‌ಫೇಲ್ ನಿವೃತ್ತರಾದರು. ಅದರ ಬೆನ್ನಿಗೇ ಗಾರ್ಡನ್ ತೀರಿಕೊಂಡರು. ವ್ಯವಹಾರದ ಹೊಣೆ ಅರ್ಕರ್ಟ್ ಅವರ ಹೆಗಲಿಗೆ ಬಂತು. ಅಂದಿನಿಂದ ನಾಲ್ಕು ತಲೆಮಾರು ಆ ಸಂಸ್ಥೆ ಅರ್ಕರ್ಟ್ ಮನೆತನದ ಕೈಯಲ್ಲಿದೆ, ಆದರೆ ಫಲಕದ ಮೇಲೆ ಇಂದಿಗೂ ಇರುವುದು ಗಾರ್ಡನ್ ಅಂಡ್ ಮ್ಯಾಕ್‌ಫೇಲ್ ಎಂಬ ಹೆಸರೇ.

ಸ್ವತಂತ್ರ ಬಾಟ್ಲಿಂಗ್ ಎಂಬ ಕಸುಬನ್ನು ಇಷ್ಟು ದೊಡ್ಡದಾಗಿ, ಇಷ್ಟು ಕಾಲ ನಡೆಸಿದ ಮನೆತನಗಳು ವಿರಳ. ಈ ಕಸುಬಿನಲ್ಲಿ ವರ್ತಕ ತಾನೇ ವಿಸ್ಕಿ ಇಳಿಸುವುದಿಲ್ಲ. ಯಾವುದೋ ಡಿಸ್ಟಿಲರಿಯಲ್ಲಿ ಆಗಷ್ಟೇ ಇಳಿಸಿದ, ಬಣ್ಣವಿಲ್ಲದ, ಖಾರವಾದ ಮದ್ಯವನ್ನು ಕೊಂಡು, ಓಕ್ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಮಾಗಿಸಿ, ಅದು ಹದಕ್ಕೆ ಬಂತೆಂದು ತನಗೆ ತೋಚಿದಾಗ ಬಾಟಲಿಗೆ ಇಳಿಸಿ, ತನ್ನ ಹೆಸರಿನ ಚೀಟಿ ಅಂಟಿಸಿ ಮಾರುತ್ತಾನೆ. ಗಾರ್ಡನ್ ಅಂಡ್ ಮ್ಯಾಕ್‌ಫೇಲ್ ಇದರಲ್ಲಿ ಇನ್ನೊಂದು ಹೆಜ್ಜೆ ಮುಂದಿತ್ತು: ಪೀಪಾಯಿಯನ್ನು ತಾನೇ ಆರಿಸಿ ಡಿಸ್ಟಿಲರಿಗೆ ಕಳಿಸಿ, ಅದಕ್ಕೇ ತುಂಬಿಸಿಕೊಳ್ಳುತ್ತಿತ್ತು. ವೈನ್ ವ್ಯಾಪಾರ ಇಲ್ಲಿ ನೆರವಿಗೆ ಬಂತು. ಆಗ ಸ್ಪೇನಿನ ಶೆರಿ ಎಂಬ ವೈನ್ ಪೀಪಾಯಿಗಳಲ್ಲೇ ಬ್ರಿಟನ್ನಿಗೆ ಬರುತ್ತಿತ್ತು. ಶೆರಿಯನ್ನು ಬಾಟಲಿಗೆ ತುಂಬಿದ ಮೇಲೆ ಆ ವೈನನ್ನು ಹೀರಿಕೊಂಡಿದ್ದ ಮರದ ಪೀಪಾಯಿ ಖಾಲಿಯಾಗಿ ಕೈಯಲ್ಲೇ ಉಳಿಯುತ್ತಿತ್ತು. ಮಾಗಿದ ವಿಸ್ಕಿಯ ಬಣ್ಣವೂ ರುಚಿಯ ದೊಡ್ಡ ಪಾಲೂ ಮರದಿಂದಲೇ ಬರುವುದರಿಂದ, ಒಳ್ಳೆಯ ಪೀಪಾಯಿ ಕೈಯಲ್ಲಿದ್ದವನಿಗೆ ಅರ್ಧ ಕೆಲಸ ಮುಗಿದಂತೆಯೇ.

ಆ ಕಾಲದ ಮಾರುಕಟ್ಟೆಯನ್ನು ನೆನೆದರೆ ಇದು ಎಂಥ ವಿಚಿತ್ರ ವ್ಯಾಪಾರ ಎಂಬುದು ತಿಳಿದೀತು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಲೋಕವೆಲ್ಲ ಕುಡಿಯುತ್ತಿದ್ದ ಸ್ಕಾಚ್ ಎಂದರೆ ಬ್ಲೆಂಡೆಡ್ ಸ್ಕಾಚ್. ಮೊಳಕೆ ಬರಿಸಿದ ಬಾರ್ಲಿಯಿಂದ ಇಳಿಸಿದ ಹತ್ತಾರು ಡಿಸ್ಟಿಲರಿಗಳ ಮಾಲ್ಟ್ ವಿಸ್ಕಿಯನ್ನು ಹಗುರವಾದ ಧಾನ್ಯದ ವಿಸ್ಕಿಯೊಂದಿಗೆ ಬೆರೆಸಿ, ಪ್ರತಿ ಬಾಟಲಿಯೂ ಒಂದೇ ರುಚಿ ಇರುವಂತೆ ಮಾಡಿದ್ದು. ಹೀಗಾಗಿ ಎಷ್ಟೋ ಡಿಸ್ಟಿಲರಿಗಳ ಹೆಸರು ಬ್ಲೆಂಡಿಂಗ್ ಕಂಪನಿಗಳ ಲೆಕ್ಕದ ಪುಸ್ತಕ ಬಿಟ್ಟು ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಅಂಥ ದಿನಗಳಲ್ಲಿ ಒಂದೊಂದು ಡಿಸ್ಟಿಲರಿಯ ಮಾಲನ್ನೂ ಬೇರೆಬೇರೆಯಾಗಿ ಇಟ್ಟು ಮಾಗಿಸುವುದೆಂದರೆ ಇಂದಿನ ಗಿರಾಕಿಗಾಗಿ ಮಾಡುವ ಕೆಲಸವಾಗಿರಲಿಲ್ಲ. ಪೀಪಾಯಿಯಲ್ಲಿ ಹಾಕಿದ ಹಣ ಇಪ್ಪತ್ತು ಮೂವತ್ತು ವರ್ಷ ತಿರುಗಿ ಬಾರದು. ಉಗ್ರಾಣದ ಖರ್ಚು ನಿಲ್ಲದು. ಆವಿಯಾಗಿ ಹೋದದ್ದಂತೂ ಹೋಯಿತು. ಮೂರು ತಿಂಗಳಿಗೊಮ್ಮೆ ಷೇರುದಾರರಿಗೆ ಲೆಕ್ಕ ಒಪ್ಪಿಸುವ ಕಂಪನಿ ಇದಕ್ಕೆ ಕೈ ಹಾಕುವುದು ಕಷ್ಟ. ನನ್ನ ಮಟ್ಟಿಗೆ ಈ ಇತಿಹಾಸದ ತಿರುಳು ಇರುವುದು ಇಲ್ಲೇ: ನಾಲಿಗೆಯ ಪರಿಣತಿಗಿಂತ ಹೆಚ್ಚಾಗಿ ಬಂಡವಾಳದ ಸ್ವರೂಪವೇ ಈ ವಿಸ್ಕಿಗಳನ್ನು ಸಾಧ್ಯವಾಗಿಸಿತು. ದಿನದ ಖರ್ಚು ನೋಡಿಕೊಳ್ಳಲು ಅಂಗಡಿಯ ವ್ಯಾಪಾರವಿತ್ತು, ಮಾಗಿದ್ದನ್ನು ಮಾರಲು ಮುಂದಿನ ತಲೆಮಾರು ಇತ್ತು.

ಒಂದು ಪೀಪಾಯಿಯ ಕಥೆಯನ್ನೇ ನೋಡೋಣ. 1940ರ ಫೆಬ್ರವರಿ 3ರಂದು, ಎರಡನೆಯ ಮಹಾಯುದ್ಧ ಆರಂಭವಾಗಿ ಐದು ತಿಂಗಳಾಗಿದ್ದಾಗ, ಜಾನ್ ಅರ್ಕರ್ಟ್ ಮತ್ತು 1933ರಲ್ಲಿ ವ್ಯವಹಾರಕ್ಕೆ ಸೇರಿದ್ದ ಅವರ ಮಗ ಜಾರ್ಜ್ ಗ್ಲೆನ್‌ಲಿವೆಟ್ ಡಿಸ್ಟಿಲರಿಯಲ್ಲಿ ತಮ್ಮದೊಂದು ಶೆರಿ ಪೀಪಾಯಿಯನ್ನು ತುಂಬಿಸಿದರು. ಬಾಟಲಿಗೆ ಇಳಿದದ್ದು 2020ರ ಫೆಬ್ರವರಿಯಲ್ಲಿ. ಎಂಬತ್ತು ವರ್ಷಗಳ ಬಳಿಕ ದಕ್ಕಿದ್ದು 250 ಬಾಟಲಿ. ಮದ್ಯಸಾರ ಶೇ 44.9. ಈ ಎರಡನೆಯ ಅಂಕಿ ಮುಖ್ಯ. ಮದ್ಯಸಾರ ಶೇ 40ಕ್ಕಿಂತ ಕೆಳಗಿಳಿದರೆ ಕಾನೂನಿನ ಪ್ರಕಾರ ಅದನ್ನು ಸ್ಕಾಚ್ ವಿಸ್ಕಿ ಎಂದು ಮಾರುವಂತಿಲ್ಲ. ಸ್ಕಾಟ್ಲೆಂಡಿನ ತಂಪು ಹವೆಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ 2ರಷ್ಟು ಆವಿಯಾಗುತ್ತದೆ. ಆ ತೇವದ ಗಾಳಿಯಲ್ಲಿ ಮದ್ಯಸಾರದ ಪ್ರಮಾಣವೂ ಮೆಲ್ಲಗೆ ಇಳಿಯುತ್ತದೆ. ಆದ್ದರಿಂದ ಉಗ್ರಾಣದವರು ಆಗಾಗ ಮಾದರಿ ತೆಗೆದು ರುಚಿ ನೋಡುತ್ತ, ಇನ್ನೂ ಕಾಯಬಹುದೇ, ಈಗಲೇ ಇಳಿಸಬೇಕೇ ಎಂದು ತೀರ್ಮಾನಿಸುತ್ತಲೇ ಇರಬೇಕು. ಈ ಪೀಪಾಯಿಗೂ ಮೊದಲು, 1938ರಲ್ಲಿ ತುಂಬಿದ ಮಾರ್ಟ್‌ಲಾಕ್ ಡಿಸ್ಟಿಲರಿಯ ವಿಸ್ಕಿಯೊಂದು ಎಪ್ಪತ್ತು ವರ್ಷ ಮಾಗಿ 2010ರಲ್ಲಿ ಮಾರಾಟಕ್ಕೆ ಬಂದಿತ್ತು. ಅದರಲ್ಲಿ ಪೂರ್ಣ ಅಳತೆಯ ಬಾಟಲಿ ಕೇವಲ 54.

ಇಂಥ ವಯಸ್ಸು ನಮ್ಮಲ್ಲಿ ಏಕೆ ಸಿಗದು ಎಂದು ಕೇಳುವವರಿದ್ದಾರೆ. ಬೆಂಗಳೂರಿನ ಅಮೃತ್ ಸಂಸ್ಥೆಯ ಸಿಂಗಲ್ ಮಾಲ್ಟ್, ಅಂದರೆ ಒಂದೇ ಡಿಸ್ಟಿಲರಿಯ ಮಾಲ್ಟ್ ವಿಸ್ಕಿ, 2004ರಲ್ಲಿ ಗ್ಲಾಸ್ಗೋ ನಗರದಲ್ಲೇ ಬಿಡುಗಡೆಯಾಗಿ ಹೆಸರು ಮಾಡಿದ್ದು ತಮಗೆ ತಿಳಿದಿದೆ. ಬೆಂಗಳೂರಿನ ಹವೆಯಲ್ಲಿ ವರ್ಷಕ್ಕೆ ಶೇ 10ರಿಂದ 12ರಷ್ಟು ಆವಿಯಾಗುತ್ತದೆ. ಲೆಕ್ಕ ಹಾಕಿದರೆ, ಹತ್ತು ವರ್ಷಕ್ಕೆ ಪೀಪಾಯಿಯಲ್ಲಿ ಮೂರರಲ್ಲಿ ಒಂದು ಪಾಲು ಉಳಿಯುತ್ತದೆ, ಇಪ್ಪತ್ತು ವರ್ಷಕ್ಕೆ ಹತ್ತರಲ್ಲಿ ಒಂದು. ಇಲ್ಲಿ ಮಾಗುವಿಕೆಯೂ ಬೇಗ, ನಷ್ಟವೂ ಬೇಗ. ಬಾಟಲಿಯ ಮೇಲಿನ ವಯಸ್ಸನ್ನಷ್ಟೇ ನೋಡಿ ಎರಡು ನಾಡಿನ ವಿಸ್ಕಿಗಳನ್ನು ತೂಗುವುದು ಸರಿಯಲ್ಲ.

ಎಲ್ಗಿನ್ನಿಗೆ ಮರಳೋಣ. 1968ರಲ್ಲಿ ಜಾರ್ಜ್ ಅರ್ಕರ್ಟ್ ‘ಕಾನಸರ್ಸ್ ಚಾಯ್ಸ್’ ಎಂಬ ಸಾಲನ್ನು ಆರಂಭಿಸಿ, ಬೇರೆಬೇರೆ ಡಿಸ್ಟಿಲರಿಗಳ ಸಿಂಗಲ್ ಮಾಲ್ಟ್‌ಗಳನ್ನು ಅವುಗಳ ಹೆಸರಿನಲ್ಲೇ ಹೊರದೇಶಗಳಿಗೂ ಕಳಿಸತೊಡಗಿದರು. ಮಾಲೀಕರೇ ತಮ್ಮ ಮಾಲ್ಟನ್ನು ಬಾಟಲಿ ಮಾಡಲು ಮನಸ್ಸು ಮಾಡದಿದ್ದ ಕಾಲ ಅದು. ಆಮೇಲೆ ಎಂಬತ್ತರ ದಶಕ ಬಂತು. ಬೇಡಿಕೆ ಕುಸಿದು 1983ರಲ್ಲಿ ಡಿಸ್ಟಿಲರ್ಸ್ ಕಂಪನಿ ಒಂದೇ ಏಟಿಗೆ ಹಲವು ಡಿಸ್ಟಿಲರಿಗಳನ್ನು ಮುಚ್ಚಿತು. ಇನ್ವರ್ನೆಸ್‌ನ ಗ್ಲೆನ್ ಆಲ್ಬಿನ್ ಮತ್ತು ಗ್ಲೆನ್ ಮೋರ್‌ಗಳನ್ನು ಮುಚ್ಚಿದ್ದಷ್ಟೇ ಅಲ್ಲ, 1986ರಲ್ಲಿ ನೆಲಸಮ ಮಾಡಿದರು. ಆ ಜಾಗದಲ್ಲೀಗ ಅಂಗಡಿಗಳ ಸಂಕೀರ್ಣವಿದೆ. ಕಟ್ಟಡ ಹೋದರೂ ಅವುಗಳ ವಿಸ್ಕಿ ಹೇಗಿತ್ತು ಎಂದು ಇಂದು ಹೇಳಬಲ್ಲೆವಾದರೆ, ಅದಕ್ಕೆ ಬಹುಮಟ್ಟಿಗೆ ಇಂಥ ವರ್ತಕರ ಉಗ್ರಾಣಗಳೇ ಕಾರಣ.

ಡಿಸ್ಟಿಲರಿಗಳಿಗೂ ಈ ವರ್ತಕರಿಗೂ ಇದ್ದ ಸಂಬಂಧ ಸದಾ ಸಲೀಸಾಗಿರಲಿಲ್ಲ. ಸಿಂಗಲ್ ಮಾಲ್ಟ್‌ಗೆ ಬೆಲೆ ಬಂದ ಮೇಲೆ ಮಾಲೀಕರಿಗೆ ತಮ್ಮ ಹೆಸರಿನ ಬಗ್ಗೆ ಬಿಗುವು ಬಂತು. ಕೆಲವರು ಪೀಪಾಯಿಯನ್ನು ಹೊರಗೆ ಮಾರುವ ಮುನ್ನ ಅದಕ್ಕೆ ಬೇರೊಂದು ಡಿಸ್ಟಿಲರಿಯ ಮಾಲ್ಟನ್ನು ಒಂದಿಷ್ಟು ಸೇರಿಸುತ್ತಾರೆ. ರುಚಿಯಲ್ಲಿ ವ್ಯತ್ಯಾಸ ಕಾಣದು, ಆದರೆ ಕಾನೂನಿನ ಕಣ್ಣಿಗೆ ಅದು ಸಿಂಗಲ್ ಮಾಲ್ಟ್ ಅಲ್ಲ, ಕೊಂಡವನು ಡಿಸ್ಟಿಲರಿಯ ಹೆಸರು ಹಾಕುವಂತಿಲ್ಲ. ಚಮಚದಷ್ಟು ಬೆರಸಿ ಹೆಸರನ್ನು ಉಳಿಸಿಕೊಳ್ಳುವ ಈ ಜಾಣತನವನ್ನು ನಾನು ಮೆಚ್ಚಲಾರೆ, ಆದರೆ ಅದರ ಹಿಂದಿನ ಅಂಜಿಕೆ ಅರ್ಥವಾಗುತ್ತದೆ.

ಬಾಟಲಿ ಮಾಡುವವರು ಒಬ್ಬೊಬ್ಬರಾಗಿ ಡಿಸ್ಟಿಲರಿಯ ಕಡೆ ಹೊರಳಿದ್ದಕ್ಕೆ ಇದೂ ಒಂದು ಕಾರಣವೆಂದು ತೋರುತ್ತದೆ. 1988ರಲ್ಲಿ ಆರಂಭವಾದ ಸಿಗ್ನೇಟರಿ ಎಂಬ ಇನ್ನೊಂದು ಬಾಟ್ಲಿಂಗ್ ಸಂಸ್ಥೆ 2002ರಲ್ಲಿ ಎಡ್ರಡೌರ್ ಡಿಸ್ಟಿಲರಿಯನ್ನು ಕೊಂಡಿತು. ಅರ್ಕರ್ಟ್ ಮನೆತನ ಅದಕ್ಕೂ ಮೊದಲೇ, 1993ರಲ್ಲಿ, ಫಾರೆಸ್ ಬಳಿ ಹತ್ತು ವರ್ಷದಿಂದ ಮುಚ್ಚಿದ್ದ ಬೆನ್ರೋಮಕ್ ಡಿಸ್ಟಿಲರಿಯನ್ನು ಕೊಂಡು, ಒಳಗಿನ ಸಲಕರಣೆಗಳನ್ನು ಹೊಸದಾಗಿ ಕೂಡಿಸಿ, ಅದರ ನೂರನೆಯ ವರ್ಷವಾದ 1998ರಲ್ಲಿ ಮತ್ತೆ ಆರಂಭಿಸಿತು. 2022ರಲ್ಲಿ ಗ್ರಾಂಟೌನ್ ಆನ್ ಸ್ಪೇ ಬಳಿ ದಿ ಕೇರ್ನ್ ಎಂಬ ಎರಡನೆಯ ಡಿಸ್ಟಿಲರಿ ಬಂತು. ಮರುವರ್ಷ ಸಂಸ್ಥೆ ಒಂದು ಪ್ರಕಟಣೆ ಹೊರಡಿಸಿತು: 2024ರಿಂದ ಬೇರೆ ಡಿಸ್ಟಿಲರಿಗಳಲ್ಲಿ ಹೊಸದಾಗಿ ಪೀಪಾಯಿ ತುಂಬಿಸುವುದಿಲ್ಲ, ಗಮನವೆಲ್ಲ ತನ್ನ ಎರಡು ಡಿಸ್ಟಿಲರಿಗಳ ಮೇಲೆ. ಹಲವರು ಇದನ್ನು ಒಂದು ಪರಂಪರೆಯ ಅಂತ್ಯವೆಂದು ಮರುಗಿದರು. ನನಗೆ ಹಾಗೆನಿಸದು. ಯಾರೂ ಕೇಳದಿದ್ದ ಮಾಲ್ಟಿಗೆ ಈ ವರ್ತಕರು ಹೆಸರು ತಂದುಕೊಟ್ಟರು. ಹೆಸರು ಬಂದ ಮೇಲೆ ಮಾಲೀಕರು ಅದನ್ನು ತಾವೇ ಮಾರತೊಡಗಿದರು. ಹೊರಗಿನವರಿಗೆ ಸಿಗುವ ಪಾಲು ಕಿರಿದಾಗುವುದು ಸಹಜವೇ. ಅಲ್ಲಿಯವರೆಗೆ ತುಂಬಿಟ್ಟ ಪೀಪಾಯಿಗಳು ಎಲ್ಗಿನ್ನಿನಲ್ಲೂ ಬೇರೆಡೆಯ ಉಗ್ರಾಣಗಳಲ್ಲೂ ಮಾಗುತ್ತಿವೆ; ಅವುಗಳಿಂದ ಇನ್ನೂ ಹಲವು ದಶಕಗಳ ಕಾಲ ಬಾಟಲಿಗಳು ಬರಲಿವೆ, ಯಾವುದನ್ನು ಯಾವಾಗ ಇಳಿಸಬೇಕೆಂಬ ತೀರ್ಮಾನ ಮಾತ್ರ ಮುಂದಿನ ತಲೆಮಾರಿನದು.